ಬಿಟರ್‌ರೂಟ್ ಕಣಿವೆಯ ಉಣ್ಣೆಜ್ವರವೂ ಮಾಂಟಾನಾದ ಶಾಸನವೂ

ಕೆಚ್ಚಲನ್ನು ಕಚ್ಚಿಕೊಂಡಿದ್ದರೂ ಹಾಲಿನ ಸವಿಯನ್ನರಿಯದ ಉಣ್ಣೆಯನ್ನು ನಮ್ಮವರು ಮಂದಮತಿಗೆ ಉಪಮಾನವಾಗಿ ಹೇಳುವರು. ಆದರೆ ಅಂತಹ ಅಲ್ಪಜೀವಿಯೊಂದು ಒಂದು ಸಂಸ್ಥಾನದ ಶಾಸನಸಭೆಯನ್ನೇ ಚಿಂತೆಗೀಡುಮಾಡಿದ ಸಂಗತಿಯು ಚರಿತ್ರೆಯಲ್ಲುಂಟು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಾಂಟಾನಾದ ಪಶ್ಚಿಮಭಾಗದಲ್ಲಿ ಬಿಟರ್‌ರೂಟ್ ಎಂಬ ಕಣಿವೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನೆಲೆಸಿದ ಒಕ್ಕಲಿಗರನ್ನೂ ಮರ ಕಡಿಯುವವರನ್ನೂ ವಸಂತಕಾಲದಲ್ಲಿ ಒಂದು ಘೋರಜ್ವರವು ಹಿಡಿಯತೊಡಗಿತು. ಮೈಮೇಲೆ ಕೆಂಪು ಚುಕ್ಕೆಗಳೇಳುತ್ತಿದ್ದುದರಿಂದ ಅದಕ್ಕೆ ಚುಕ್ಕೆಜ್ವರವೆಂದು ಹೆಸರಾಯಿತು. ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಬೆಟ್ಟದ ಹಿಮ ಕರಗಿದ ನೀರನ್ನು ಕುಡಿದುದೇ ಇದಕ್ಕೆ ಕಾರಣವೆಂದು ಜನರು ನಂಬಿದ್ದರು.

೧೯೦೨ರಲ್ಲಿ ವಿಲ್ಸನ್ ಮತ್ತು ಚೌನಿಂಗ್ ಎಂಬ ವೈದ್ಯರು ಉಣ್ಣೆಯ ಮೇಲೆ ಸಂಶಯಪಟ್ಟರು. ಇತರ ವಿದ್ವಾಂಸರು ಅದನ್ನೊಪ್ಪಲಿಲ್ಲ. ೧೯೦೬ರಲ್ಲಿ ಹೊವರ್ಡ್ ರಿಕೆಟ್ಸ್ ಎಂಬಾತನು ರೋಗಿಷ್ಠ ಪ್ರಾಣಿಯ ರಕ್ತವನ್ನು ಹೀರಿದ ಉಣ್ಣೆಯನ್ನು ಆರೋಗ್ಯವಾಗಿದ್ದ ಗಿನಿಯಿಲಿಗೆ ಕಚ್ಚಿಸಿ, ರೋಗವು ಹರಡುವುದನ್ನು ಪ್ರತ್ಯಕ್ಷವಾಗಿ ತೋರಿಸಿದನು. ಈ ಮಹನೀಯನು ೧೯೧೦ರಲ್ಲಿ ಮೆಕ್ಸಿಕೋ ನಗರದಲ್ಲಿ ಟೈಫಸ್ ಜ್ವರವನ್ನು ಶೋಧಿಸುತ್ತಿರುವಾಗ ಅದಕ್ಕೇ ಬಲಿಯಾದನು.

ಕಾರಣವು ತಿಳಿದ ಬಳಿಕ ಸುಮ್ಮನಿರುವುದು ಸರಕಾರಕ್ಕೆ ಸಾಧ್ಯವಾಗಲಿಲ್ಲ. ೧೯೧೩ರಲ್ಲಿ ಮಾಂಟಾನಾದ ಶಾಸನಸಭೆಯು ಕೀಟಶಾಸ್ತ್ರಮಂಡಲಿಯೊಂದನ್ನು ಸ್ಥಾಪಿಸಿ, ಕೀಟಗಳಿಂದ ಹರಡುವ ರೋಗಗಳನ್ನು ಶೋಧಿಸುವ ಹಾಗೂ ತಡೆಯುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಬೆಳೆದ ಉಣ್ಣೆಯು ದನಕುದುರೆಗಳ ಮೇಲೂ ಮರಿಯು ನೆಲ ಅಳಿಲು ಮೊದಲಾದ ಸಣ್ಣ ಪ್ರಾಣಿಗಳ ಮೇಲೂ ಜೀವಿಸುವುದರಿಂದ, ದನಗಳನ್ನು ಪಾಷಾಣದ ದ್ರಾವಣವಿರುವ ತೊಟ್ಟಿಗಳಲ್ಲಿ ಮುಳುಗಿಸುವುದೂ ಅಳಿಲುಗಳಿಗೆ ವಿಷವಿಕ್ಕುವುದೂ ಉಪಾಯಗಳಾದುವು. ಆದರೆ ಒಕ್ಕಲಿಗರು ಇದನ್ನು ಸಹಿಸಲಿಲ್ಲ. ತಮ್ಮ ದನಗಳಿಗೆ ಹಾನಿಯಾಗುವುದೆಂದು ಕೆಲವರು ಗೊಣಗಿದರು. ತೊಟ್ಟಿಯೊಂದನ್ನು ಸಿಡಿಮದ್ದಿಟ್ಟು ಒಡೆದುದೂ ಉಂಟು. ಯಾರ ಪ್ರಾಣವನ್ನುಳಿಸಲು ಶಾಸನವು ಹುಟ್ಟಿತೋ ಅವರೇ ಅದಕ್ಕೆ ವೈರಿಗಳಾದರು. ದಂಡದಿಂದ ಉಣ್ಣೆಯನ್ನು ನಿರ್ಮೂಲಮಾಡುವುದು ಆಗದ ಕಾರ್ಯವೆಂದು ಕ್ರಮೇಣ ಕಂಡುಬಂದಿತು.

ಆಗ ದೃಷ್ಟಿಯು ಸಂಶೋಧನೆಯ ಕಡೆಗೆ ತಿರುಗಿತು. ೧೯೨೧ರಲ್ಲಿ ಹ್ಯಾಮಿಲ್ಟನ್ ಊರಿನ ಬಳಿಯ ಪಾಳುಬಿದ್ದ ಶಾಲೆಯೊಂದರಲ್ಲಿ ಪ್ರಯೋಗಶಾಲೆಯು ತೆರೆಯಿತು. ಅಲ್ಲಿ ರಾಲ್ಫ್ ಪಾರ್ಕರ್ ಮತ್ತು ರಾಸ್ಕೋ ಸ್ಪೆನ್ಸರ್ ಎಂಬವರು ಸೋಂಕುಳ್ಳ ಉಣ್ಣೆಗಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ಅದರ ವಿಷವನ್ನು ಕೊಂದು ಲಸಿಕೆಯನ್ನು ಸಿದ್ಧಪಡಿಸಿದರು. ೧೯೨೪ರಲ್ಲಿ ಸ್ಪೆನ್ಸರನು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಈ ಲಸಿಕೆಯು ರೋಗವನ್ನು ಪೂರ್ತಿಯಾಗಿ ತಡೆಯದಿದ್ದರೂ ಮರಣವನ್ನು ಬಹಳ ಕಡಮೆಮಾಡಿತು. ಆದರೆ ಆ ಕಟ್ಟಡದಲ್ಲಿ ದುಡಿದವರಲ್ಲಿ ಹಲವರು ಅದೇ ಜ್ವರದಿಂದ ಮಡಿದರು.

ಈ ಬಲಿದಾನವು ಶಾಸನಸಭೆಯ ಮನಸ್ಸನ್ನು ಕಲಕಿತು. ೧೯೨೭ರಲ್ಲಿ ಹೊಸ ಕಟ್ಟಡಕ್ಕೆ ಹಣವು ಮಂಜೂರಾಯಿತು. ಉಣ್ಣೆಗಳು ತಪ್ಪಿಸಿಕೊಂಡು ಮನೆಮನೆಗೆ ಬಂದಾವೆಂದು ನೆರೆಯವರು ಭಯಪಟ್ಟು ನ್ಯಾಯಸ್ಥಾನದ ಮೆಟ್ಟಲೇರಿದರು. ಅವರ ಸಮಾಧಾನಕ್ಕಾಗಿ ಕಟ್ಟಡದ ಸುತ್ತಲೂ, ಕೋಟೆಗೆ ಕಂದಕವನ್ನು ತೋಡುವಂತೆ, ನೀರಿನ ಕಾಲುವೆಯನ್ನು ಕಟ್ಟಲಾಯಿತು! ೧೯೩೧ರಲ್ಲಿ ಕೇಂದ್ರ ಸರಕಾರವು ಈ ಪ್ರಯೋಗಶಾಲೆಯನ್ನು ಕೊಳ್ಳಲು ಒಪ್ಪಿದುದರಿಂದ, ಒಂದು ಕಣಿವೆಯ ಗೋಳಿಗಾಗಿ ಹುಟ್ಟಿದ ಸಂಸ್ಥೆಯು ದೇಶಕ್ಕೆಲ್ಲ ಸೇರಿದುದಾಯಿತು.

೧೯೪೦ರ ದಶಕದ ಕೊನೆಯಲ್ಲಿ ಹೊಸ ಔಷಧಗಳು ಬಂದು ಚುಕ್ಕೆಜ್ವರಕ್ಕೆ ನಿಜವಾದ ಚಿಕಿತ್ಸೆಯು ದೊರೆತು, ಹಳೆಯ ಲಸಿಕೆಯು ಹಿಂದೆ ಬಿದ್ದಿತು. ಪ್ರಯೋಗಶಾಲೆಯು ಮಾತ್ರ ನಿಂತಿತು. ಉಣ್ಣೆಯಿಂದಲೇ ಹರಡುವ ಲೈಮ್ ರೋಗದ ಅಣುಜೀವಿಯನ್ನು ೧೯೮೧ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಯು ಕಂಡುಹಿಡಿದುದು ಅಲ್ಲಿಯೇ.

ಮಾಂಟಾನಾದ ಶಾಸನಕರ್ತರು ಮೊದಲು ಆಜ್ಞಾಪಿಸಿದರು, ಅನಂತರ ಪೋಷಿಸಿದರು. ಆಜ್ಞೆಗೆ ಜನರು ತೊಟ್ಟಿಯನ್ನೊಡೆದು ಉತ್ತರಕೊಟ್ಟರು. ಪೋಷಣೆಯಿಂದ ಬೆಳೆದ ವಿದ್ಯೆಯು, ಶಾಸನವನ್ನು ರಚಿಸಿದವರು ಊಹಿಸಿಯೂ ಇರದ ರೋಗಕ್ಕೂ ಕಾರಣವನ್ನು ಹುಡುಕಿಕೊಟ್ಟಿತು.