ಲೋಹದ ನ್ಯಾನೊ ಕಣಗಳು ಮತ್ತು ವಂಶವಾಹಿ ಹಾನಿ ಪರೀಕ್ಷೆ: ಅರ್ಜಿದಾರರಿಗೆ ಮಾಹಿತಿ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಲ್ಲಿ ರಸಗೊಬ್ಬರ ಮತ್ತು ಕೀಟನಾಶಕ ಮಾರಾಟಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಅವುಗಳನ್ನು ಖರೀದಿಸುವ ರೈತಬಾಂಧವರು, ಸತು, ತಾಮ್ರ, ಬೆಳ್ಳಿ ಮುಂತಾದ ಲೋಹಗಳ ನ್ಯಾನೊ ಕಣಗಳುಳ್ಳ ಉತ್ಪನ್ನಗಳ ಪ್ರಯೋಗಾಲಯ ವರದಿಗಳನ್ನು ಸರಿಯಾಗಿ ಅರ್ಥೈಸಿಕೊಳ್ಳಲು ಈ ಮಾಹಿತಿಯನ್ನು ನೀಡಲಾಗಿದೆ.

ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣಗಳೆನ್ನಲಾಗುತ್ತದೆ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರ್. ಈ ಸಂಶೋಧನೆಯು ಜಿಲ್ಲೆಗೆ ಹೊಸತೇನಲ್ಲ. ತುಮಕೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕಕ್ಕೆ ಗಿಡದ ಸಾರದಿಂದ ಸತುವಿನ ಆಕ್ಸೈಡ್ ನ್ಯಾನೊ ಕಣಗಳನ್ನು ತಯಾರಿಸಿ, ಅವುಗಳ ಬ್ಯಾಕ್ಟೀರಿಯಾ ನಿರೋಧಕ ಗುಣವನ್ನು 2015ರಲ್ಲಿ ಪ್ರಕಟಿಸಿದ್ದಾರೆ. ಆದರೆ ಬ್ಯಾಕ್ಟೀರಿಯಾ ಸಾಯುತ್ತದೆಯೇ ಎಂಬ ಪರೀಕ್ಷೆಯೇ ಬೇರೆ, ಅದರ ವಂಶವಾಹಿಗೆ ಹಾನಿಯಾಗುತ್ತದೆಯೇ ಎಂಬ ಪರೀಕ್ಷೆಯೇ ಬೇರೆ. ಒಂದರ ವರದಿಯನ್ನು ಮತ್ತೊಂದರ ಸ್ಥಾನದಲ್ಲಿ ಪರಿಗಣಿಸಲಾಗದು.

ವಂಶವಾಹಿ ಹಾನಿಯನ್ನು ಅಳೆಯಲು ರೂಢಿಯಲ್ಲಿರುವುದು ಏಮ್ಸ್ ಪರೀಕ್ಷೆ. (ಹೆಸರು ದೆಹಲಿಯ ಆಸ್ಪತ್ರೆಯನ್ನು ನೆನಪಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಅಮೆರಿಕದ ಬರ್ಕ್ಲಿಯಲ್ಲಿ ಬ್ರೂಸ್ ಏಮ್ಸ್ ಅವರು 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಹಿಸ್ಟಿಡಿನ್ ಎಂಬ ಪೋಷಕಾಂಶವನ್ನು ಸ್ವತಃ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ತಳಿಗಳನ್ನು, ಆ ಪೋಷಕಾಂಶವು ಅತ್ಯಲ್ಪವಿರುವ ತಟ್ಟೆಯಲ್ಲಿ ಪರೀಕ್ಷಾ ವಸ್ತುವಿನೊಡನೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 48ರಿಂದ 72 ಗಂಟೆ ಇರಿಸಲಾಗುತ್ತದೆ. ವಂಶವಾಹಿಯು ಬದಲಾಗಿ ಆ ಸಾಮರ್ಥ್ಯ ಮರಳಿ ಪಡೆದ ಜೀವಿಗಳು ಮಾತ್ರ ಬೆಳೆದು ಚುಕ್ಕೆಗಳಾಗಿ ಕಾಣುತ್ತವೆ. ವಸ್ತುವಿನ ಪ್ರಮಾಣ ಹೆಚ್ಚಿದಂತೆ ಚುಕ್ಕೆಗಳೂ ಹೆಚ್ಚಿದಲ್ಲಿ ಹಾನಿಯ ಸೂಚನೆಯೆಂದು ತಿಳಿಯತಕ್ಕದ್ದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ 471ನೇ ಮಾರ್ಗಸೂಚಿಯಂತೆ ಕನಿಷ್ಠ ಐದು ತಳಿಗಳಲ್ಲಿ ಪರೀಕ್ಷಿಸಬೇಕು.

ಲೋಹದ ನ್ಯಾನೊ ಕಣಗಳ ವಿಷಯದಲ್ಲಿ ತೊಡಕಿರುವುದು ಇಲ್ಲಿಯೇ. ಮಾನವ ಜೀವಕೋಶವು ಕಣವನ್ನು ಒಳಗೆಳೆದುಕೊಳ್ಳಬಲ್ಲದು; ಬ್ಯಾಕ್ಟೀರಿಯಾಕ್ಕೆ ಆ ಶಕ್ತಿಯಿಲ್ಲ, ಅದರ ಕೋಶಭಿತ್ತಿಯೂ ಅಡ್ಡ ಬರುತ್ತದೆ. ಬೆಳ್ಳಿಯಂತಹ ಕಣಗಳಾದರೋ ಬ್ಯಾಕ್ಟೀರಿಯಾವನ್ನೇ ಕೊಲ್ಲುವುದರಿಂದ ಎಣಿಸಲು ಚುಕ್ಕೆಗಳೇ ಉಳಿಯದಿರಬಹುದು. ಈ ಕಾರಣದಿಂದ "ಹಾನಿ ಕಂಡುಬಂದಿಲ್ಲ" ಎಂಬ ಫಲಿತಾಂಶವನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಭಾವಿಸುವುದು, ಲೆಕ್ಕದ ಪುಸ್ತಕಕ್ಕೆ ಬಾರದ ಸಾಲವನ್ನು ಸಾಲವೇ ಅಲ್ಲವೆಂದಂತೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾರ್ಗದರ್ಶನವೂ ನ್ಯಾನೊ ಕಣಗಳಿಗೆ ಈ ಪರೀಕ್ಷೆ ಸೂಕ್ತವಲ್ಲವೆಂದಿದೆ. ಆದಕಾರಣ ವರದಿಯಲ್ಲಿ ಸಸ್ತನಿ ಜೀವಕೋಶಗಳ ಮೇಲಿನ ಮೈಕ್ರೊನ್ಯೂಕ್ಲಿಯಸ್ ಪರೀಕ್ಷೆ ಇದೆಯೇ, ಕಣಗಳು ಕೋಶದೊಳಗೆ ಸೇರಿದ್ದು ದೃಢಪಟ್ಟಿದೆಯೇ ಎಂಬುದನ್ನು ಗಮನಿಸುವುದು ಸೂಕ್ತ.

ಸದರಿ ಪರೀಕ್ಷೆಗಳನ್ನು ಮಾರಾಟಗಾರರು ಮಾಡಿಸಬೇಕಾಗಿಲ್ಲ. ಕೀಟನಾಶಕಗಳ ಸುರಕ್ಷತಾ ದತ್ತಾಂಶವನ್ನು 1968ರ ಕೀಟನಾಶಕ ಕಾಯ್ದೆಯ 9ನೇ ಪ್ರಕರಣದನ್ವಯ ನೋಂದಣಿ ಕೋರುವ ತಯಾರಕರು ಅಥವಾ ಆಮದುದಾರರು ಕೇಂದ್ರದ ನೋಂದಣಿ ಸಮಿತಿಗೆ ಒದಗಿಸತಕ್ಕದ್ದು. ರಸಗೊಬ್ಬರವಾದಲ್ಲಿ 1985ರ ನಿಯಂತ್ರಣ ಆದೇಶದನ್ವಯ ಮಾರಾಟಗಾರರು ಸರಬರಾಜುದಾರರಿಂದ ನಮೂನೆ 'ಓ' ಮೂಲ ಪ್ರಮಾಣಪತ್ರವನ್ನು ಪಡೆಯಬೇಕು. ನ್ಯಾನೊ ಕೃಷಿ ಪರಿಕರಗಳ ಮೌಲ್ಯಮಾಪನಕ್ಕಾಗಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ 2020ರ ಮಾರ್ಗಸೂಚಿಯನ್ನು ನೋಡಬಹುದು. 2021ರಲ್ಲಿ ಅಧಿಸೂಚಿತವಾದ ನ್ಯಾನೊ ಯೂರಿಯಾ ಲೋಹದ ಕಣವಲ್ಲವಾದ್ದರಿಂದ ಮೇಲಿನ ವಿವರಣೆಯು ಅದಕ್ಕೆ ಅನ್ವಯಿಸುವುದಿಲ್ಲ.