ಉನ್ಮಾದಕ್ಕೆ ಮದ್ದು ಸಿಕ್ಕ ಕಥೆ

ಅತಿಯಾದ ಉತ್ಸಾಹವೂ ಕಾಯಿಲೆಯಾಗಬಲ್ಲದು ಎಂದರೆ ಹಲವರು ನಂಬುವುದಿಲ್ಲ. ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ನಿಲ್ಲದ ಮಾತು, ಕೈಮೀರಿದ ಖರ್ಚು, ತಡೆದವರ ಮೇಲೆ ಸಿಟ್ಟು – ಇವು ಉನ್ಮಾದದ ಲಕ್ಷಣಗಳು. ಉನ್ಮಾದವೂ ಖಿನ್ನತೆಯೂ ಒಂದೇ ರೋಗದ ಸುತ್ತುಗಳೆಂದು 1854ರಲ್ಲಿ ಪ್ಯಾರಿಸ್‌ನ ವೈದ್ಯ ಫಾಲ್ರೆ ವಿವರಿಸಿದ್ದರು. ಇಂದು ಅದನ್ನು ಬೈಪೋಲಾರ್ ಕಾಯಿಲೆ ಎನ್ನುತ್ತೇವೆ.

ಮದ್ದಿನ ದಾರಿ ತೆರೆದದ್ದು ಆಸ್ಟ್ರೇಲಿಯಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಮರಳಿದ ಡಾ. ಜಾನ್ ಕೇಡ್, ಮೆಲ್ಬೋರ್ನ್ ಬಳಿಯ ಬಂಡೂರಾದಲ್ಲಿ ಲಿಥಿಯಂ ಲವಣವನ್ನು ಮೊದಲು ಗಿನಿಯಿಲಿಗಳ ಮೇಲೆ ಪ್ರಯೋಗಿಸಿದರು. ತಾವೇ ಸೇವಿಸಿ ನೋಡಿ, 1948ರಲ್ಲಿ ರೋಗಿಗಳಿಗೆ ಕೊಟ್ಟರು. ಐದು ವರ್ಷಗಳಿಂದ ಉನ್ಮಾದದಲ್ಲಿದ್ದ ಮೊದಲ ರೋಗಿ ಕೆಲವೇ ತಿಂಗಳಲ್ಲಿ ಮನೆಗೆ ಮರಳಿದರು, ಕೆಲಸಕ್ಕೂ ಸೇರಿದರು. ಆದರೆ ಮದ್ದಿನ ಬಗ್ಗೆ ಉದಾಸೀನ ತೋರಿ ಕೊನೆಗೆ ಬಿಟ್ಟೇಬಿಟ್ಟರು. ಉನ್ಮಾದ ಮರುಕಳಿಸಿತು. ಮತ್ತೆ ಕೊಟ್ಟ ಲಿಥಿಯಂ ಮೈಯಲ್ಲಿ ವಿಷವಾಗಿ, 1950ರಲ್ಲಿ ಅವರು ತೀರಿಕೊಂಡರು.

ಈಗ ರಕ್ತಪರೀಕ್ಷೆಯಿಂದ ಲಿಥಿಯಂ ಪ್ರಮಾಣವನ್ನು ಅಳೆದು ಕೊಡುತ್ತಾರೆ. ಆದರೂ ಆ ರೋಗಿಯ ಪಾಠ ಹಳತಾಗಿಲ್ಲ. ಆರಾಮವಾಯಿತೆಂದು ಮದ್ದನ್ನು ತಾವಾಗಿಯೇ ಬಿಡಬಾರದು. ಪರೀಕ್ಷೆಯಿಲ್ಲದೆ ಮುಂದುವರಿಸಲೂ ಬಾರದು. ಉನ್ಮಾದದಲ್ಲಿರುವವರಿಗೆ ತಮ್ಮ ಅಸ್ವಸ್ಥತೆ ಅನೇಕ ವೇಳೆ ತಿಳಿಯುವುದಿಲ್ಲ. ಅವರ ನಿದ್ದೆ ಕಡಿಮೆಯಾದದ್ದನ್ನು ಗಮನಿಸಿ ವೈದ್ಯರಿಗೆ ತಿಳಿಸಬೇಕಾದವರು ಮನೆಯವರೇ.