ಹುಡುಗನ ಕಡೆ ಎಷ್ಟ ಎಕರೆ?

1/4
ಸಂಬಂಧ ಕೂಡಿಸೋ ಮಾತು ಬಂದ್ರ ನಮ್ಮ ಮುಗದದಾಗ ಮೊದಲ ಕೇಳೋದು ಏನ್ರಿ? ಹೊಲ ಎಷ್ಟ ಎಕರೆ, ನೌಕರಿ ಯಾವ್ದು, ಮಂದಿ ಎಂಥವ್ರು. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಆ್ಯಂಡ್ ಪ್ರೆಜುಡೀಸ್’ನಲ್ಲೂ ಇದ ಲೆಕ್ಕ. ಡಾರ್ಸಿ ಊರಿಗೆ ಬಂದ ಕೂಡಲೇ ವರ್ಷಕ್ಕ 10,000 ಪೌಂಡ್ ಆದಾಯ ಅಂತ ಸುದ್ದಿ ಹಬ್ಬತೈತಿ. ಬೆನೆಟ್ ಮನ್ಯಾಗ ಐದು ಹೆಣ್ಮಕ್ಕಳು, ಆದ್ರ ಆಸ್ತಿ ಹೋಗೋದು ಗಂಡು ಸಂಬಂಧಿ ಕಾಲಿನ್ಸ್‌ಗೆ. ಅದೇ ಕಾಲಿನ್ಸ್ ಮದುವಿ ಕೇಳಿದಾಗ ಎಲಿಜಬೆತ್ ಒಲ್ಲೆ ಅಂತಾಳ. ಲವ್ ಸ್ಟೋರಿ ಅಂತ ಓದ್ತೀವಿ, ಒಳಗ ಇರೋದು ಆಸ್ತಿ ಲೆಕ್ಕ.

2/4
ನಮ್ಮ ಕನ್ನಡದಾಗ? 1899, ಮಂಗಳೂರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಇದನ್ನ ಗುರುತಿಸ್ತಾರ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು. ಇಂದಿರೆ ಸಾಹುಕಾರನ ಮಗಳು, ಸಣ್ಣ ವಯಸ್ಸಿನ್ಯಾಗ ವಿಧವೆ. ಓದು ಕಲಿತು, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರರಾಯನನ್ನ ಮದುವೆ ಆಗ್ತಾಳ. ಆಗಿನ ಮಂದಿ ಕಣ್ಣಾಗ ಎರಡೂ ತಪ್ಪು: ವಿಧವೆ ಮರುಮದುವೆ, ಸಮುದ್ರ ದಾಟಿದ ಹುಡುಗ.

3/4
ಎರಡೂ ಪುಸ್ತಕದಾಗ ಮಂದಿ ಮೇಲ್ನೋಟಕ್ಕ ತೀರ್ಪು ಕೊಡ್ತಾರ. ಎಲಿಜಬೆತ್ ಸವಿಮಾತಿನ ವಿಕಮ್‌ನನ್ನ ನಂಬಿ ಡಾರ್ಸಿಯನ್ನ ತಪ್ಪು ತಿಳೀತಾಳ. ಆದ್ರ ಒಂದು ಫರಕ್ ಐತಿ. ಅಲ್ಲಿ ತಪ್ಪು ತಿಳದಾಕಿ ತಿದ್ದಿಕೊಂಡ್ರ ಕಥಿ ಮುಗೀತದ. ಇಂದಿರೆ ತಿದ್ದಿಕೊಳ್ಳೋದು ಏನೂ ಇಲ್ಲ, ತಿದ್ದಿಕೊಳ್ಳಬೇಕಾದ್ದು ಊರು. ಅಲ್ಲಿ ಸಂತರು ಅಂತ ಕೈ ಮುಗಿಸಿಕೊಳ್ಳೋರೇ ಕಪಟಿಗಳು; ಅವರಿಂದ ತಪ್ಪಿಸಿಕೊಳ್ಳಲಿಕ್ಕೇ ಆಕಿ ಮನಿ ಬಿಡಬೇಕಾತು.

ಇದು ಬರೀ ಕಥಿ ಅನ್ನಬ್ಯಾಡ್ರಿ. ನಮ್ಮ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಇಪ್ಪತ್ತರ ಹರೆಯದಾಗ ವಿಧವೆ ಆದವರು. ಮಾವನವರೇ ಬೆನ್ನಿಗೆ ನಿಂತರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕ ಹೆಣ್ಮಕ್ಕಳ ಸ್ವಯಂಸೇವಕಿ ಪಡೆ ಕಟ್ಟಿದವರು ಇವರೇ.

4/4
ಈಗ ಕಾಮರ್ಸ್‌ನವರ ಪ್ರಶ್ನೆ: ಆಸ್ತಿ ಯಾರಿಗೆ? 1856ರ ಕಾಯ್ದೆ ವಿಧವೆಯ ಮದುವೆಗೆ ಒಪ್ಪಿಗೆ ಕೊಟ್ಟಿತು, ಆದ್ರ ಮರುಮದುವೆ ಆದ್ರ ಸತ್ತ ಗಂಡನ ಆಸ್ತಿ ಮೇಲಿನ ಹಕ್ಕು ಹೋಗ್ತಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಅಂತ ಕರ್ನಾಟಕ 1994ರಲ್ಲಿ ಕಾನೂನು ಮಾಡಿತು, ಆದ್ರ ಅದಕ್ಕೂ ಮೊದಲ ಮದುವೆ ಆದವರನ್ನ ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕ ಬಂತು.

ಕಾಗದದಾಗ ಬೆನೆಟ್ ಮನಿ ಸಮಸ್ಯೆ ಮುಗೀತು. ಮನ್ಯಾಗ? “ತವರು ಬೇಕಂದ್ರ ಸಹಿ ಹಾಕವ್ವಾ” ಅನ್ನೋ ಮಾತು ಇನ್ನೂ ಕೇಳಿಸ್ತದ. ಪಾಲು ಕೇಳಿದಾಕಿಗೆ ಆಸೆಬುರುಕಿ ಅಂತ ಹೆಸರು, ಬಿಟ್ಟುಕೊಟ್ಟಾಕಿಗೆ ಬಂಗಾರದಂಥಾಕಿ ಅಂತ ಹೆಸರು. ಹುಡುಗನ ಕಡೆ ಎಷ್ಟ ಎಕರೆ ಅಂತ ಕೇಳೋ ನಾವು, ಹುಡುಗಿ ಹೆಸರಿನ್ಯಾಗ ಎಷ್ಟ ಗುಂಟೆ ಅಂತ ಎಂದರ ಕೇಳೀವೇನು?

ನಿಮ್ಮ ಮನ್ಯಾಗ ಅಕ್ಕ, ಅತ್ತಿ, ಅವ್ವ ಯಾರರ ಪಾಲು ಕೇಳ್ಯಾರೇನು? ಕೇಳಿದಾಗ ಮಂದಿ ಏನಂದ್ರು? ಹೆಸರು ಹಾಕದ ಕಮೆಂಟಿನ್ಯಾಗ ಬರೀರಿ.